ಹಳೆ ಜಿಪ್ಸಿಗೆ ಬಂಡೆ ಹತ್ತಿಸುವ ಮುನ್ನ

ಹಳೆ ಜಿಪ್ಸಿ ತಂದವರು ಮೊದಲು ದಪ್ಪ ಟೈರು ಹಾಕಿಸುತ್ತಾರೆ. ಆಮೇಲೆ ಮುಂದುಗಡೆ ಒಂದು ಸಾಲು ಎಲ್‌ಇಡಿ ಲೈಟು. ಆಮೇಲೆ ಬಾನೆಟ್ ಪಕ್ಕ ಸ್ನಾರ್ಕೆಲ್, ಅಂದರೆ ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ. ಮೂರನೇ ಭಾನುವಾರ ತೋಟದ ಹಳ್ಳದಲ್ಲಿ ಕಲ್ಲು ಹತ್ತಿಸಲು ಹೋಗಿ, ಮುಂದಿನ ಚಕ್ರದಿಂದ ಕಪ್ಪು ಎಣ್ಣೆ ಸೋರಿಸಿಕೊಂಡು, ಸ್ಟೇರಿಂಗ್ ಗಡಗಡ ನಡುಗಿಸಿಕೊಂಡು ವಾಪಸ್ ಬರುತ್ತಾರೆ. ಸಕಲೇಶಪುರದ ಕಡೆ ನನ್ನ ಗೆಳೆಯರಲ್ಲೇ ನಾಲ್ಕು ಜನ ಹೀಗೆ ಬಂದಿದ್ದಾರೆ. ಐದನೆಯವನು ನಾನು.

ಮಾರುತಿ ಜಿಪ್ಸಿ 1985ರಲ್ಲಿ ಬಂತು. ಹಗುರ ಗಾಡಿ, ಬಾಡಿಯಿಂದ ಬೇರೆಯಾದ ಕಬ್ಬಿಣದ ಚೌಕಟ್ಟು ಅಂದರೆ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಚಕ್ರದಿಂದ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸೆಲ್, ಕೆಳಗೆ ಲೀಫ್ ಸ್ಪ್ರಿಂಗ್. ಬಂಡೆ ಹತ್ತಲು ಬೇಕಾದ್ದು ವೇಗ ಅಲ್ಲ, ನಿಧಾನ. ಮನುಷ್ಯ ನಡೆಯುವುದಕ್ಕಿಂತ ಮೆಲ್ಲಗೆ, ಚಕ್ರ ಜಾರದ ಹಾಗೆ ತೆವಳಬೇಕು. ಅದಕ್ಕೇ ಎಂಜಿನ್ನಿನ ಬಲವನ್ನು ಹಿಂದಿನ ಮುಂದಿನ ಆಕ್ಸೆಲ್‌ಗೆ ಹಂಚುವ ಟ್ರಾನ್ಸ್‌ಫರ್ ಬಾಕ್ಸ್‌ನಲ್ಲಿ ಲೋ ಗೇರ್ ಇದೆ. 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್‌ನಲ್ಲಿ ಹೈ ಗೇರಿನ ಅನುಪಾತ 1.409 ಇದ್ದರೆ ಲೋ 2.268. ಅಂದರೆ ಅದೇ ಎಂಜಿನ್ನಿನ ಎಳೆತ ಒಂದೂವರೆ ಪಟ್ಟಿಗಿಂತ ಜಾಸ್ತಿ. ಕೆಳಗೆ ಹೇಳಿದ್ದೆಲ್ಲ ಈ ಕಿಂಗ್ ಗಾಡಿಗೇ.

ಕೊಳ್ಳುವಾಗ

ಎಂಜಿನ್ ಶಬ್ದ ಕೇಳುತ್ತಾ ನಿಲ್ಲಬೇಡಿ. ಎಂಜಿನ್ ರಿಪೇರಿ ಆಗುತ್ತದೆ, ಕೊಳೆತ ಚಾಸಿ ಆಗುವುದಿಲ್ಲ. ಒಂದು ಸ್ಕ್ರೂಡ್ರೈವರ್, ಚಿಕ್ಕ ಸುತ್ತಿಗೆ, ಒಂದು ಅಯಸ್ಕಾಂತ ತೆಗೆದುಕೊಂಡು ಹೋಗಿ, ಗಾಡಿ ಕೆಳಗೆ ಮಲಗಿ. ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಬಾಡಿ ಕೂರುವ ಜಾಗ, ಕಾಲಡಿಯ ಮ್ಯಾಟಿನ ಕೆಳಗೆ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಅಯಸ್ಕಾಂತ ಹಿಡಿಯದಿದ್ದರೆ ಅಲ್ಲಿರುವುದು ಪುಟ್ಟಿ. ಕೆಳಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಬಳಿದ ಗಾಡಿ ಕಂಡರೆ ನಾನು ಚಹಾ ಕುಡಿದು ಎದ್ದು ಬರುತ್ತೇನೆ.

ತೋಟದ ಗಾಡಿಯಾದರೆ ಹಿಂದೆ ಗೊಬ್ಬರ ಹೇರುತ್ತಿದ್ದರೋ ಕೇಳಿ. ಪೊಟ್ಯಾಷ್ ಚೀಲ ಹರಿದು ಚೆಲ್ಲಿದ್ದು ಒಂಥರಾ ಉಪ್ಪೇ ತಾನೆ? ಮಳೆಗಾಲದ ತೇವಕ್ಕೆ ಅದು ತಗಡನ್ನು ಹಪ್ಪಳ ಮಾಡುತ್ತದೆ. ನನ್ನ ಗಾಡಿಯ ಹಿಂದಿನ ಫ್ಲೋರ್ ಮೇಲೆ ಹೆಬ್ಬೆಟ್ಟು ಒತ್ತಿದರೆ ಒಳಗೆ ಹೋಗುತ್ತಿತ್ತು. ನಾನದನ್ನು ನೋಡಿದ್ದು ದುಡ್ಡು ಕೊಟ್ಟ ಮೇಲೆ.

ಬಿಚ್ಚುವುದು

ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ಬೋಲ್ಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೆಯಿರಿ. ಅಷ್ಟೇ.

ಮುಂದಿನ ನಕಲ್

ಎಲ್ಲರೂ ಕೆಡಿಸುವುದು ಇಲ್ಲಿ. ಮುಂದಿನ ಆಕ್ಸೆಲ್‌ನ ತುದಿಯಲ್ಲಿ ಚೆಂಡಿನ ಹಾಗೆ ದುಂಡಗಿನ ಭಾಗವಿದೆ. ಅದನ್ನು ಹೊರಗಿನಿಂದ ಅಪ್ಪಿಕೊಂಡು ಎಡಕ್ಕೆ ಬಲಕ್ಕೆ ತಿರುಗುವುದು ನಕಲ್. ಹೆಸರಷ್ಟೇ ನಕಲ್, ಕೆಲಸ ಅಸಲಿ. ಅದು ತಿರುಗುವ ಕೀಲೇ ಕಿಂಗ್‌ಪಿನ್, ಮೇಲೊಂದು ಕೆಳಗೊಂದು, ಎರಡಕ್ಕೂ ಬೇರಿಂಗ್. ಒಳಗೆ ಗ್ರೀಸಿನಲ್ಲಿ ಮುಳುಗಿದ ಆಕ್ಸೆಲ್ ಜಾಯಿಂಟ್.

ಹೊರಗೆ ಕಪ್ಪು ಗಂಜಿ ಸೋರುತ್ತಿದ್ದರೆ ಮೆಕ್ಯಾನಿಕ್ ಹೊರಗಿನ ಸೀಲ್, ಅಂದರೆ ಸೋರದಂತೆ ತಡೆಯುವ ಬಳೆ, ಹೋಗಿದೆ ಅನ್ನುತ್ತಾನೆ. ಅರ್ಧ ಸತ್ಯ. ಗ್ರೀಸ್ ತಾನಾಗಿ ಗಂಜಿಯಾಗುವುದಿಲ್ಲ. ಒಳಗಡೆ, ಆಕ್ಸೆಲ್ ಕೊಳವೆಯ ತುದಿಯಲ್ಲಿ ಇನ್ನೊಂದು ಚಿಕ್ಕ ಆಯಿಲ್ ಸೀಲ್ ಇದೆ. ಅದು ಸವೆದು, ಆಕ್ಸೆಲ್ ನಡುವಿನ ಗೇರುಗಳ ಉಂಡೆಯಾದ ಡಿಫರೆನ್ಶಿಯಲ್‌ನ ಎಣ್ಣೆ ನಕಲ್‌ಗೆ ಬಂದು ಗ್ರೀಸನ್ನು ನೀರಾಗಿಸಿರುತ್ತದೆ. ಹೊರಗಿನದ್ದನ್ನು ಮಾತ್ರ ಬದಲಿಸಿದರೆ ತಿಂಗಳೊಳಗೆ ಮತ್ತೆ ಅದೇ ಕಥೆ. ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಮಾಡಿದ್ದು ಇನ್ನೂ ಚೆನ್ನಾಗಿತ್ತು: ಏನೂ ಬಿಚ್ಚದೆ, ಹೊಸ ಸೀಲನ್ನು ಬ್ಲೇಡಿನಲ್ಲಿ ಕತ್ತರಿಸಿ ಸುತ್ತಿ ಕೂರಿಸಿ, ಮೇಲೆ ಪ್ಲೇಟು ಬಿಗಿದು ಕಳಿಸಿದ್ದರು. ಬಿಲ್ಲಿನಲ್ಲಿ ಪೂರ್ತಿ ಕೂಲಿ.

ಸರಿಯಾಗಿ ಮಾಡುವುದು ಹೀಗೆ. ಮೊದಲು ಡಿಫರೆನ್ಶಿಯಲ್ ಎಣ್ಣೆ ಇಳಿಸಿ. ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಮೇಲೆ ನೇತುಹಾಕಿ. ಅದರ ಹೋಸಿನಲ್ಲೇ ಜೋತುಬಿಡಬೇಡಿ. ಚಕ್ರ ಕೂರುವ ಹಬ್‌ನ ನಟ್ ತೆಗೆಯುವಾಗ ಮಡಚಿದ ಲಾಕ್ ವಾಷರನ್ನು ಮೊದಲು ನೆಟ್ಟಗೆ ಮಾಡಿ. ನಟ್ಟಿಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದು ನಮ್ಮಲ್ಲಿ ಸಂಪ್ರದಾಯ. ಅದರ ಬದಲು ಸರಿಯಾದ ಬಾಕ್ಸ್ ಸ್ಪ್ಯಾನರ್ ಒಂದು ದಿನಕ್ಕೆ ಕೇಳಿ ತನ್ನಿ. ಹಬ್, ಅದು ತಿರುಗುವ ಸ್ಪಿಂಡಲ್ ಬಂದ ಮೇಲೆ ಆಕ್ಸೆಲ್ ಶಾಫ್ಟ್ ನೇರವಾಗಿ ಹೊರಗೆ ಬರುತ್ತದೆ. ಎಡಬಲದ ನಕಲ್‌ಗಳನ್ನು ಕೂಡಿಸುವ ಟೈ ರಾಡ್ ಬಿಡಿಸಿ. ಹಿಂದುಗಡೆಯ ಸೀಲ್ ಪ್ಲೇಟುಗಳನ್ನು ಬಿಚ್ಚಿ. ಕೊನೆಗೆ ಕಿಂಗ್‌ಪಿನ್. ಪಿನ್ನಿನ ಕೆಳಗೆ ಕಾಗದದಷ್ಟು ತೆಳ್ಳಗಿನ ತಗಡುಗಳು ಸಿಗುತ್ತವೆ, ಅವೇ ಶಿಮ್. ಮೇಲಿನದು ಕೆಳಗಿನದು ಬೆರೆಸಬೇಡಿ. ಕೆಳಗಿನ ಬೇರಿಂಗ್ ಕಾಲ ಮೇಲೆ ಬೀಳುತ್ತದೆ, ಕೈ ಕೊಟ್ಟಿರಿ.

ಈಗ ಆ ದುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಣ್ಣು ಮುಚ್ಚಿ ಕೈ ಆಡಿಸಿ. ತುಕ್ಕಿನ ಗುಳಿ ಬೆರಳಿಗೆ ಸಿಕ್ಕರೆ ಅದೇ ಗುಳಿ ಹೊಸ ಸೀಲನ್ನು ಹರಿಯುತ್ತದೆ. ಸಣ್ಣ ಎಮರಿ ಪೇಪರಿನಲ್ಲಿ ನುಣುಪು ಮಾಡಿ. ಶಾಫ್ಟಿನ ಮೇಲೆ ಒಳಗಿನ ಸೀಲ್ ಕೂರುವ ಜಾಗಕ್ಕೂ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ, ಹೊಸ ಸೀಲ್ ಹಾಕಿದರೂ ಎಣ್ಣೆ ನಿಲ್ಲುವುದಿಲ್ಲ.

ಜೋಡಿಸುವಾಗ ಒಳಗಿನ ಹಳೆ ಸೀಲ್ ಕಿತ್ತು ಹೊಸದನ್ನು ಕೂರಿಸಿ. ಆಮೇಲೆ ಹೊರಗಿನ ಸೀಲ್ ಹಾಕದೆ ನಕಲ್, ಹೊಸ ಬೇರಿಂಗ್, ಕಿಂಗ್‌ಪಿನ್ ಅಷ್ಟನ್ನೇ ಕೂರಿಸಿ ಬಿಗಿ ಮಾಡಿ. ಮೀನು ತೂಗುವ ಕೊಕ್ಕೆ ತಕ್ಕಡಿ ಇದೆಯಲ್ಲ, ಅದನ್ನು ಟೈ ರಾಡ್ ಕೂರುವ ತೂತಿಗೆ ಸಿಕ್ಕಿಸಿ ಅಡ್ಡಕ್ಕೆ ಎಳೆಯಿರಿ. ನಕಲ್ ಅಲುಗಲು ಶುರುವಾಗುವಾಗ ಮುಳ್ಳು 1ರಿಂದ 1.8 ಕೆ.ಜಿ. ನಡುವೆ ಇರಬೇಕು. ಕಡಿಮೆ ತೋರಿಸಿದರೆ ಶಿಮ್ ತೆಗೆಯಿರಿ, ಜಾಸ್ತಿ ತೋರಿಸಿದರೆ ಸೇರಿಸಿ. ಮೇಲೆ ಎಷ್ಟೋ ಕೆಳಗೂ ಅಷ್ಟೇ, ಇಲ್ಲದಿದ್ದರೆ ನಕಲ್ ನಡುವಿನಿಂದ ಸರಿಯುತ್ತದೆ. ನನಗೆ ಒಂದು ಚಕ್ರಕ್ಕೆ ಐದು ಸಲ ಬಿಚ್ಚಿ ಹಾಕಬೇಕಾಯಿತು. ಈ ಅಳತೆ ಬಿಟ್ಟ ಗಾಡಿಗಳೇ 60ರ ವೇಗದಲ್ಲಿ ಚಿಕ್ಕ ಗುಂಡಿ ಸಿಕ್ಕರೂ ಸ್ಟೇರಿಂಗ್ ಕುಣಿಸುವುದು. ಅದಕ್ಕೆ ನಡುಕ ತಗ್ಗಿಸುವ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಎಂದು ಹೇಳುವವರಿದ್ದಾರೆ. ಹಲ್ಲುನೋವಿಗೆ ಲವಂಗ ಕಚ್ಚಿದ ಹಾಗೆ ಅದು.

ಅಳತೆ ಸರಿಯಾದ ಮೇಲೆ ಹೊರಗಿನ ಸೀಲ್ ಹಾಕಿ ಮತ್ತೆ ಕೂರಿಸಿ. ಜಾಯಿಂಟಿಗೆ ಒಳ್ಳೆಯ ಗ್ರೀಸ್ ಕೈಯಲ್ಲೇ ತುಂಬಿ. ತೆರೆದ ಡಬ್ಬದಿಂದ ಸೌಟಿನಲ್ಲಿ ಎತ್ತಿ ಕೊಡುವ ಗ್ರೀಸ್ ಬೇಡ, ಅದರಲ್ಲಿ ಎಷ್ಟು ಮರಳಿದೆ ಅಂಗಡಿಯವನಿಗೂ ಗೊತ್ತಿಲ್ಲ. ಇನ್ನು ಶಾಫ್ಟ್. ತುದಿಯಲ್ಲಿ ಹಲ್ಲುಗಳಿವೆ. ಶಾಫ್ಟಿನ ಭಾರವನ್ನು ಒಳಗಿನ ಸೀಲಿನ ಮೇಲೆ ಬಿಟ್ಟು ತಳ್ಳಿದರೆ ಆ ಹಲ್ಲು ಹೊಸ ಸೀಲಿನ ತುಟಿಯನ್ನು ಅಲ್ಲೇ ಕತ್ತರಿಸುತ್ತದೆ. ಮಾಡಿದ ಅಷ್ಟೂ ಕೆಲಸ ಹೊಳೆಗೆ. ಸೀಲಿನ ತುಟಿಗೆ ಗ್ರೀಸ್ ಸವರಿ. ಒಂದು ಕೈ ಶಾಫ್ಟಿನ ಕೆಳಗಿರಲಿ. ತೊಟ್ಟಿಲಿನ ಮಗುವನ್ನು ಎತ್ತುವಷ್ಟು ಮೆಲ್ಲಗೆ ಒಳಗೆ ಬಿಡಿ. ಹಲ್ಲು ಕಚ್ಚದಿದ್ದರೆ ಸುಮ್ನೆ ಗುದ್ದಬೇಡಿ, ಸ್ವಲ್ಪ ತಿರುಗಿಸಿ.

ಬ್ರೀದರ್ ಪೈಪು

ಬಿಸಿಯಾದ ಆಕ್ಸೆಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಎಣ್ಣೆ ಇಳಿಸಿದರೆ ಡಿಕಾಕ್ಷನ್‌ಗೆ ಹಾಲು ಬೆರೆಸಿದ ಬಣ್ಣ. ಎರಡೂ ಆಕ್ಸೆಲ್‌ನ ಬ್ರೀದರಿಗೆ, ಅಂದರೆ ಒಳಗಿನ ಗಾಳಿ ಆಡುವ ತೂತಿಗೆ, ರಬ್ಬರ್ ಪೈಪು ಹಾಕಿ ಮೇಲಕ್ಕೆ ಒಯ್ಯಿರಿ. ಸ್ನಾರ್ಕೆಲ್‌ಗೆ ಸುರಿಯುವ ಹಣದ ಚೂರೂ ಖರ್ಚಾಗುವುದಿಲ್ಲ, ಆದರೂ ಯಾರೂ ಮಾಡಿಸುವುದಿಲ್ಲ.

ಟೈರು, ಸ್ಪ್ರಿಂಗ್

ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೆ ಹೋಗುತ್ತದೆ, ಡಿಫರೆನ್ಶಿಯಲ್ ಇದ್ದಲ್ಲೇ ಇರುತ್ತದೆ. ಕಲ್ಲಿಗೆ ಬಡಿಯುವುದು ಅದೇ. ಅದನ್ನು ಎತ್ತುವುದು ಟೈರು ಮಾತ್ರ. ಕಂಪನಿಯ 205/70 ಆರ್15 ಟೈರಿನ ಎತ್ತರ 668 ಮಿ.ಮೀ., 235/75 ಆರ್15 ಹಾಕಿದರೆ 733. ಅರ್ಧ ಲೆಕ್ಕ ಹಾಕಿ, ಮೂರು ಸೆಂಟಿಮೀಟರ್ ಚಿಲ್ಲರೆ ಲಾಭ. ಅದಕ್ಕಿಂತ ದೊಡ್ಡದು ನಾನು ಒಪ್ಪುವುದಿಲ್ಲ. ಇದಕ್ಕೇ ಗೇರ್ ಎಳೆತ ಶೇ 9ರಷ್ಟು ಕಡಿಮೆಯಾಗುತ್ತದೆ. ಅದರ ಜೊತೆ ಹೊಸ ಬುಷ್, ಸ್ಪ್ರಿಂಗನ್ನು ಆಕ್ಸೆಲ್‌ಗೆ ಬಿಗಿಯುವ ಹೊಸ ಯು ಬೋಲ್ಟ್, ಎರಡು ಇಂಚು ಏರಿಸುವ ಒಳ್ಳೆಯ ಸ್ಪ್ರಿಂಗ್ ಸಾಕು. ಮುಂದುಗಡೆ ಸ್ಪ್ರಿಂಗನ್ನು ಚಾಸಿಗೆ ಕೂಡಿಸುವ ಕೊಂಡಿಯನ್ನು, ಅಂದರೆ ಶ್ಯಾಕಲನ್ನು, ಉದ್ದದ್ದು ಹಾಕಿ ಅಗ್ಗದಲ್ಲಿ ಎತ್ತಬೇಡಿ. ಆಕ್ಸೆಲ್ ಮುಂದಕ್ಕೆ ವಾಲಿ, ಸ್ಟೇರಿಂಗ್ ರಸ್ತೆ ತುಂಬ ಅಲೆಯುತ್ತದೆ.

ಡಿಫರೆನ್ಶಿಯಲ್ ಗೇರನ್ನು ವೆಲ್ಡಿಂಗ್ ಮಾಡಿ ‘ಲಾಕರ್’ ಅನ್ನುವವರೂ ಸಿಗುತ್ತಾರೆ. ಎರಡೂ ಚಕ್ರ ಒಟ್ಟಿಗೆ ತಿರುಗುವುದು ನಿಜ. ಆದರೆ ಘಾಟಿಯ ಒದ್ದೆ ತಿರುವಿನಲ್ಲೂ ಒಟ್ಟಿಗೇ ತಿರುಗುತ್ತವೆ! ದುಡ್ಡು ಕೂಡಿಸಿ ಬೇಕಾದಾಗ ಮಾತ್ರ ಲಾಕ್ ಆಗುವಂಥದ್ದು ಹಾಕಿಸಿ. ಅಲ್ಲಿತನಕ ಟೈರಿನ ಗಾಳಿಯನ್ನು 15 ಪಿಎಸ್‌ಐ ಆಸುಪಾಸಿಗೆ ಇಳಿಸಿ ಹತ್ತಿಸುವುದನ್ನು ಕಲಿಯಿರಿ. ವಾಪಸ್ ತುಂಬಲು ಪಂಪ್ ಮರೆಯಬೇಡಿ.

ನಿಮ್ಮ ಕೈಗುರುತು

ಬಣ್ಣ ನಿಮ್ಮಿಷ್ಟ, ಆದರೆ ಮಿಲಿಟರಿ ಹಸಿರು ಬೇಡ. ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಎಂದು ಮೋಟಾರು ವಾಹನ ನಿಯಮದಲ್ಲೇ ಇದೆ. ಬೇರೆ ಬಣ್ಣವಾದರೂ ಆರ್‌ಸಿಯಲ್ಲಿ ಬರೆಸಬೇಕು. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಬಾಡಿ ಕತ್ತರಿಸುವ ಆಸೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಅಲ್ಲಿಗೇ ಹೋಗಬೇಕಲ್ವಾ?

ನಾನು ದುಡ್ಡು ಹಾಕಿದ್ದು ಎರಡೇ ಕಡೆ: ಸೊಂಟ ಹಿಡಿದು ಕೂರಿಸುವ ಸೀಟು, ಚಾಸಿಗೇ ಬೋಲ್ಟ್ ಮಾಡಿದ ಎಳೆಯುವ ಕೊಕ್ಕೆ. ಬಂಪರಿಗೆ ವೆಲ್ಡ್ ಮಾಡಿದ ಕೊಕ್ಕೆ ಕಿತ್ತು ಹಾರಿ, ಹಿಂದಿನ ಗಾಡಿಯ ಗಾಜು ಒಡೆದದ್ದನ್ನು ನೋಡಿದ್ದೇನೆ.

ಮೊದಲ ಸಲ

ಪರಿಚಯದವರ ತೋಟ ಸಾಕು, ಕೇಳಿಕೊಂಡು ಹೋಗಿ. ಮೀಸಲು ಅರಣ್ಯಕ್ಕೆ ನುಗ್ಗಬೇಡಿ. ಮೊಣಕಾಲೆತ್ತರದ ಕಲ್ಲು, ಲೋ ಒಂದನೇ ಗೇರ್, ಕಾಲು ಕ್ಲಚ್ಚಿನಿಂದ ದೂರ. ಹೆಬ್ಬೆರಳು ಸ್ಟೇರಿಂಗ್ ಒಳಗೆ ಸುತ್ತಿಕೊಳ್ಳದಿರಲಿ, ಚಕ್ರ ಕಲ್ಲಿಗೆ ಹೊಡೆದರೆ ಅಡ್ಡಪಟ್ಟಿ ತಿರುಗಿ ಬೆರಳು ಮುರಿಯುತ್ತದೆ. ಮನೆಗೆ ಬಂದು ನಕಲ್ ಹಿಂದೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ತೆಳ್ಳಗೆ ಗ್ರೀಸ್ ಹತ್ತಿದರೆ ಸರಿಯಿದೆ. ಎಣ್ಣೆ ಹತ್ತಿದರೆ ಶಾಫ್ಟ್ ಹಾಕುವಾಗ ಕೈ ತಪ್ಪಿದೆ, ಮತ್ತೆ ಬಿಚ್ಚಿ. ನೂರು ಕಿಲೋಮೀಟರ್ ಆದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.