ಚರ್ಚಿನ ಸುತ್ತ ಯಾರಿದ್ದಾರೆ? ಜನಗಣತಿ ಹಿಡಿದು ನೆರೆಹೊರೆಯನ್ನು ಅರಿಯುವ ಬಗೆ

ಚರ್ಚಿನ ಆಡಳಿತ ಮಂಡಳಿ ಕೂತಾಗಲೆಲ್ಲ ಯಾರಾದರೊಬ್ಬರು ಹೇಳುವ ಮಾತಿದು: 'ನಮ್ಮ ಏರಿಯಾ ನಮಗೆ ಗೊತ್ತಿಲ್ವಾ?' ಗೊತ್ತಿರುತ್ತದೆ, ನಿಜ. ಆದರೆ ನಮಗೆ ಗೊತ್ತಿರುವವರು ಹೆಚ್ಚಾಗಿ ಭಾನುವಾರ ಆರಾಧನೆಗೆ ಬರುವವರು, ಅವರ ಮನೆಯವರು, ಅವರ ಸ್ನೇಹಿತರು. ಎರಡು ಬೀದಿ ಆಚೆ ಬಾಡಿಗೆ ರೂಮಿನಲ್ಲಿ ಒಬ್ಬರೇ ಇರುವವರು, ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ಮಲಗುವವರು, ಮನೆಯಿಂದ ಹೊರಬರಲಾಗದ ವಯಸ್ಸಾದವರು ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ. ಅವರು ಇದ್ದಾರೆ ಎಂದು ತೋರಿಸುವ ಒಂದು ದಾಖಲೆ ಇದೆ. ಅದೇ ಜನಗಣತಿ. ಹೆಚ್ಚಿನ ದೇಶಗಳಲ್ಲಿ ಅದನ್ನು ನೋಡಲು ದುಡ್ಡೂ ಕೊಡಬೇಕಿಲ್ಲ.

ಚರ್ಚಿಗೂ ಜನಸಂಖ್ಯೆಯ ಲೆಕ್ಕಕ್ಕೂ ಹಳೆಯ ನಂಟು. ಇಂಗ್ಲೆಂಡಿನ ಚರ್ಚುಗಳು 1538ರಿಂದಲೇ ಸ್ನಾನದೀಕ್ಷೆ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಸ್ವೀಡನ್ 1749ರಲ್ಲಿ ಇಡೀ ದೇಶದ ಜನಸಂಖ್ಯೆಯ ಅಂಕಿಅಂಶ ಶುರು ಮಾಡಿದಾಗ, ಅದಕ್ಕೆ ಲೆಕ್ಕ ಕೊಟ್ಟವರು ಊರೂರಿನ ಪಾದ್ರಿಗಳು. ಹಾಗಾಗಿ ಇದು ಚರ್ಚಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಕಂಪ್ಯೂಟರ್ ಪಂಡಿತರೂ ಬೇಕಾಗಿಲ್ಲ. ಶೇಕಡಾ ಲೆಕ್ಕ ಬರುವ ಒಬ್ಬರು, ಏರಿಯಾದ ಸಂದಿಗೊಂದಿ ಬಲ್ಲ ಒಬ್ಬರು, ಕೇಳಿಸಿಕೊಳ್ಳುವ ತಾಳ್ಮೆ ಇರುವ ಇನ್ನೊಬ್ಬರು ಸೇರಿದರೆ ಸಾಕು.

ಮೊದಲು ಒಂದು ಪ್ರಶ್ನೆ

ಅಂಕಿ ಹುಡುಕುವ ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ. 'ನಮ್ಮ ಸಮುದಾಯ ಹೇಗಿದೆ' ಎಂಬುದು ಪ್ರಶ್ನೆಯೇ ಅಲ್ಲ, ಅದಕ್ಕೆ ಉತ್ತರವೂ ಸಿಗುವುದಿಲ್ಲ. 'ನಮ್ಮ ಸುತ್ತ ಒಂಟಿಯಾಗಿ ಬದುಕುವವರು ಎಷ್ಟು, ಅವರ ವಯಸ್ಸೇನು' ಎಂದು ಕೇಳಿ. 'ಶಾಲೆಗೆ ಹೋಗುವ ಮಕ್ಕಳು ಜಾಸ್ತಿ ಎಲ್ಲಿದ್ದಾರೆ' ಎಂದು ಕೇಳಿ. 'ಇಲ್ಲಿ ಯಾವ ಯಾವ ಭಾಷೆಯವರಿದ್ದಾರೆ, ನಾವು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇವೆ' ಎಂದು ಕೇಳಿ. ಒಂದೋ ಎರಡೋ ಪ್ರಶ್ನೆ ಸಾಕು. ಹತ್ತು ಪ್ರಶ್ನೆ ಹಿಡಿದು ಹೊರಟರೆ ಕೊನೆಗೆ ಕೈಯಲ್ಲಿ ಉಳಿಯುವುದು ದಪ್ಪನೆಯ ಫೈಲ್ ಒಂದೇ.

ಗಡಿ ಗುರುತಿಸುವುದು

ಇಲ್ಲೇ ಎಲ್ಲರೂ ಎಡವುವುದು. ಚರ್ಚಿನ ಗಡಿ ಒಂದು, ಸರ್ಕಾರ ಅಂಕಿ ಕೊಡುವ ಗಡಿ ಇನ್ನೊಂದು. ಧರ್ಮಕೇಂದ್ರದ, ಅಂದರೆ ಒಂದು ಚರ್ಚಿನ ಹೊಣೆಗೆ ಸೇರಿದ ಪ್ರದೇಶದ, ಗಡಿಯನ್ನು ಶತಮಾನದ ಹಿಂದೆ ಹಾಕಿರಬಹುದು. ವಾರ್ಡ್ ಗಡಿಯನ್ನು ಕಳೆದ ಚುನಾವಣೆಗೆ ಮುಂಚೆ ಬದಲಿಸಿರಬಹುದು. ಕೆಲವು ಸಭೆಗಳಿಗಂತೂ (ಸಭೆ ಎಂದರೆ ಒಂದು ಚರ್ಚಿಗೆ ಆರಾಧನೆಗೆ ಸೇರುವ ಜನ) ಗಡಿಯೇ ಇರುವುದಿಲ್ಲ, ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಅಂಥವರು ಚರ್ಚಿನಿಂದ ಕಾಲು ಗಂಟೆ ನಡೆದರೆ ಎಲ್ಲಿಯವರೆಗೆ ಹೋಗಬಹುದು ಎಂದು ನೋಡಿ, ಅದನ್ನೇ ತಮ್ಮ ನೆರೆಹೊರೆ ಎಂದು ಇಟ್ಟುಕೊಳ್ಳಬಹುದು. ಚರ್ಚಿನಿಂದ ಪ್ರತಿ ದಿಕ್ಕಿಗೂ ಸುಮಾರು ಒಂದು ಕಿಲೋಮೀಟರ್ ಆಗುತ್ತದೆ.

ದೊಡ್ಡದೊಂದು ನಕ್ಷೆ ಪ್ರಿಂಟ್ ಹಾಕಿಸಿ. ನಿಮ್ಮ ಗಡಿಯನ್ನು ಒಂದು ಬಣ್ಣದಲ್ಲಿ ಎಳೆಯಿರಿ. ಅಂಕಿ ಸಿಗುವ ಅತಿ ಸಣ್ಣ ವಿಭಾಗಗಳನ್ನು ಇನ್ನೊಂದು ಬಣ್ಣದಲ್ಲಿ ಎಳೆಯಿರಿ. ಈ ಸಣ್ಣ ವಿಭಾಗ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ 40ರಿಂದ 250 ಮನೆಗಳಿರುವ ಪುಟ್ಟ ತುಂಡುಗಳಿಗೂ ಅಂಕಿ ಸಿಗುತ್ತದೆ. ಭಾರತದಲ್ಲಿ ಹಳ್ಳಿ ಮತ್ತು ಪಟ್ಟಣದ ವಾರ್ಡ್ ಮಟ್ಟದವರೆಗೆ ಇಳಿಯಬಹುದು.

ಪೂರ್ತಿ ನಿಮ್ಮ ಗಡಿಯೊಳಗಿರುವ ವಿಭಾಗಗಳನ್ನು ಹಾಗೇ ಸೇರಿಸಿಕೊಳ್ಳಿ. ಗಡಿ ಮಧ್ಯದಲ್ಲಿ ಹಾದುಹೋಗುವ ವಿಭಾಗಗಳಲ್ಲಿ ಜಾಗದ ಅಳತೆ ನೋಡಬೇಡಿ, ಮನೆಗಳನ್ನು ನೋಡಿ. ನಿಮ್ಮ ಕಡೆ ಬಂದ ಅರ್ಧ ಭಾಗ ಬರೀ ಕೆರೆಯೋ ಸ್ಮಶಾನವೋ ಆಗಿದ್ದರೆ ಅಲ್ಲಿ ಯಾರೂ ವಾಸವಿಲ್ಲ ತಾನೇ? ಉಪಗ್ರಹ ಚಿತ್ರದಲ್ಲಿ ಮನೆಗಳನ್ನು ಅಂದಾಜು ಎಣಿಸಿ, ಕಾಲು ಪಾಲೋ ಮುಕ್ಕಾಲು ಪಾಲೋ ಎಂದು ಹಂಚಿಕೊಳ್ಳಿ. ಹೇಗೆ ಹಂಚಿದಿರಿ ಎಂಬುದನ್ನು ಒಂದು ಸಾಲು ಬರೆದಿಡಿ. ಮುಂದೆ ಈ ಕೆಲಸ ಮಾಡುವವರಿಗೆ ಆ ಸಾಲು ಬೇಕೇ ಬೇಕು.

ಯಾವ ಅಂಕಿ, ಎಲ್ಲಿಂದ

ಜನಗಣತಿ ಇಲಾಖೆಯ ಜಾಲತಾಣದಲ್ಲಿ ಕೋಷ್ಟಕಗಳ ಕಾಡೇ ಇರುತ್ತದೆ. ಹೆದರಬೇಡಿ. ವಯಸ್ಸು, ಮನೆಯ ಗಾತ್ರ, ಮನೆ ಸ್ವಂತದ್ದೋ ಬಾಡಿಗೆಯೋ, ಭಾಷೆ, ಕೆಲಸ, ವಲಸೆ, ಇಷ್ಟು ಸಿಕ್ಕರೆ ಶುರು ಮಾಡಬಹುದು. ಇದರಲ್ಲಿ ಎಲ್ಲವೂ ಸಣ್ಣ ವಿಭಾಗದ ಮಟ್ಟದಲ್ಲಿ ಸಿಗಬೇಕೆಂದೇನಿಲ್ಲ. ಭಾರತದ 2011ರ ಜನಗಣತಿಯನ್ನೇ ನೋಡಿ. ಹಳ್ಳಿ ಮಟ್ಟದಲ್ಲಿ ಗಂಡು-ಹೆಣ್ಣು, 6 ವರ್ಷದವರೆಗಿನ ಮಕ್ಕಳು, ಸಾಕ್ಷರರು, ದುಡಿಯುವವರು ಎಷ್ಟು ಎಂದು ತಿಳಿಯುತ್ತದೆ. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಶಾಲೆ, ಆಸ್ಪತ್ರೆ, ರಸ್ತೆಯ ವಿವರವೂ ಇದೆ. ಉಳಿದ ಹಲವು ವಿಷಯಗಳಿಗೆ ತಾಲ್ಲೂಕು ಅಥವಾ ಜಿಲ್ಲೆಯ ಅಂಕಿಯನ್ನೇ ನೋಡಬೇಕು.

ಧರ್ಮದ ಅಂಕಿಯ ಬಗ್ಗೆ ಎಲ್ಲರಿಗೂ ಕುತೂಹಲ. ಅಮೆರಿಕದ ಜನಗಣತಿಯಲ್ಲಿ ಧರ್ಮದ ಪ್ರಶ್ನೆಯೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2001ರಿಂದ ಕೇಳುತ್ತಾರೆ, ಆದರೆ ಉತ್ತರ ಕೊಡಲೇಬೇಕೆಂದಿಲ್ಲ. ಅಲ್ಲಿ ತಮ್ಮನ್ನು ಕ್ರೈಸ್ತರು ಎಂದುಕೊಂಡವರು 2011ರಲ್ಲಿ ಶೇ 59.3 ಇದ್ದರು, 2021ರಲ್ಲಿ ಶೇ 46.2ಕ್ಕೆ ಇಳಿದರು. ಇಂಥ ಅಂಕಿ ನೋಡಿದ ತಕ್ಷಣ ಚರ್ಚಿನವರ ಮನಸ್ಸು ಕುಗ್ಗುತ್ತದೆ, ಚರ್ಚೆಯೆಲ್ಲ ಅದರ ಮೇಲೇ ತಿರುಗುತ್ತದೆ. ನನ್ನ ಸಲಹೆ ಇಷ್ಟೇ: ಆ ಕೋಷ್ಟಕವನ್ನು ಕೊನೆಗೆ ತೆರೆಯಿರಿ. 'ನಮ್ಮವರು ಎಷ್ಟು' ಎಂಬುದರಿಂದ ಹೊರಟವರು 'ನೆರೆಯವರು ಯಾರು' ಎಂಬ ಪ್ರಶ್ನೆಗೆ ಬಂದು ಮುಟ್ಟುವುದು ಕಷ್ಟ.

ತಾರೀಖು ಕೂಡ ನೋಡಿ. ಭಾರತದಲ್ಲಿ 2011ರ ನಂತರದ ಗಣತಿಗೆ 2027ರ ಮಾರ್ಚ್ 1 ಅನ್ನು ಆಧಾರ ದಿನ, ಅಂದರೆ ಯಾವ ದಿನದ ಜನಸಂಖ್ಯೆ ಎಂದು ಲೆಕ್ಕ ಹಿಡಿಯುವ ದಿನ, ಎಂದು ಸರ್ಕಾರ ಗೊತ್ತು ಮಾಡಿದೆ. ಹಿಮ ಬೀಳುವ ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. ಅಂದರೆ ಎರಡು ಗಣತಿಗಳ ನಡುವೆ 16 ವರ್ಷ. 2011ರಲ್ಲಿ 5 ವರ್ಷದ ಮಗುವಾಗಿದ್ದವರಿಗೆ ಅಷ್ಟರಲ್ಲಿ 21 ಆಗಿರುತ್ತದೆ. ಇಂಗ್ಲೆಂಡಿನ 2021ರ ಗಣತಿ ನಡೆದದ್ದು ಕೊರೊನಾ ನಿರ್ಬಂಧಗಳ ಕಾಲದಲ್ಲಿ. ಹಾಗಾಗಿ ಜನ ಕೆಲಸಕ್ಕೆ ಎಲ್ಲಿಗೆ, ಹೇಗೆ ಹೋಗುತ್ತಾರೆ ಎಂಬ ಅದರ ಅಂಕಿಯನ್ನು ಎಚ್ಚರದಿಂದ ಓದಬೇಕು. ಹಳೆಯ ಅಂಕಿಯ ಜೊತೆಗೆ ಹೊಸ ಸುಳಿವು ಇಟ್ಟುಕೊಳ್ಳಿ: ಶಾಲೆಗಳಲ್ಲಿ ಈ ವರ್ಷದ ದಾಖಲಾತಿ, ಹೊಸದಾಗಿ ಎದ್ದಿರುವ ಅಪಾರ್ಟ್‌ಮೆಂಟ್‌ಗಳು, ಮುಚ್ಚಿದ ಕಾರ್ಖಾನೆ, ಶುರುವಾದ ಬಸ್ ಮಾರ್ಗ.

ಎರಡು ಪಟ್ಟಿ ಅಕ್ಕಪಕ್ಕ

ನಿಜವಾದ ಕೆಲಸ ಇಲ್ಲಿದೆ. ಏರಿಯಾದ ಅಂಕಿಯ ಪಕ್ಕದಲ್ಲಿ ನಿಮ್ಮ ಸಭೆಯ ಅಂಕಿಯನ್ನೂ ಬರೆಯಬೇಕು. ಅದಕ್ಕೆ ಒಂದು ಭಾನುವಾರ ಚಿಕ್ಕ ಚೀಟಿ ಹಂಚಿ. ಹೆಸರು ಬೇಡ. ವಯಸ್ಸಿನ ಗುಂಪು, ಮನೆಯಲ್ಲಿ ಎಷ್ಟು ಜನ, ಮನೆಮಾತು, ಎಷ್ಟು ದೂರದಿಂದ ಬರುತ್ತೀರಿ, ಅಷ್ಟೇ. ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆಗೆ ಮನೆಗೊಬ್ಬರು ಉತ್ತರಿಸಿದರೆ ಸಾಕು. ವಯಸ್ಸಿನ ಗುಂಪುಗಳನ್ನು ಮಾತ್ರ ಜನಗಣತಿಯಲ್ಲಿ ಹೇಗಿದೆಯೋ ಹಾಗೇ ಇಡಿ. ನೀವು 18ಕ್ಕೆ ಗೆರೆ ಎಳೆದು, ಗಣತಿ 15ಕ್ಕೆ ಎಳೆದಿದ್ದರೆ ಹೋಲಿಸಲು ಬರುವುದಿಲ್ಲ.

ಲೆಕ್ಕ ಅರ್ಥವಾಗಲಿ ಎಂದು ಒಂದು ಕಾಲ್ಪನಿಕ ಏರಿಯಾ ತೆಗೆದುಕೊಳ್ಳೋಣ. ಅಲ್ಲಿ 6,000 ಜನ, 1,800 ಮನೆ. 15ರ ಒಳಗಿನವರು 1,380, ಅಂದರೆ ಶೇ 23. 15ರಿಂದ 59ರವರು 4,020, ಶೇ 67. 60 ದಾಟಿದವರು 600, ಶೇ 10. ಸಭೆಗೆ ಬರುವವರು 200. ಅವರಲ್ಲಿ ಮಕ್ಕಳು 20, ಶೇ 10. ಮಧ್ಯದ ವಯಸ್ಸಿನವರು 90, ಶೇ 45. ಹಿರಿಯರು 90, ಶೇ 45.

ಮಂಡಳಿಯವರು ಇದನ್ನು ನೋಡಿ ಮೊದಲು ಹೇಳುವುದು ಏನು? 'ಮಕ್ಕಳು ಕಡಿಮೆ, ಸಂಡೇ ಸ್ಕೂಲ್ ಚುರುಕು ಮಾಡೋಣ.' ಸ್ವಲ್ಪ ತಡೆಯಿರಿ. ಮಕ್ಕಳನ್ನು ಕರೆತರುವವರು ಯಾರು? ಮಧ್ಯದ ವಯಸ್ಸಿನ ಅಪ್ಪ-ಅಮ್ಮ. ಅವರೇ ಏರಿಯಾದಲ್ಲಿ ಶೇ 67 ಇದ್ದು, ಸಭೆಯಲ್ಲಿ ಶೇ 45 ಇದ್ದಾರೆ. ಅವರಿಗೆ ಭಾನುವಾರ ಬಿಡುವಿದೆಯಾ? ಕೆಲಸದ ಕೋಷ್ಟಕ ತೆರೆಯಬೇಕಾದದ್ದು ಈಗ.

ಇದೇ ಏರಿಯಾದಲ್ಲಿ ಒಬ್ಬರೇ ಇರುವ ಮನೆಗಳು 450 ಎಂದುಕೊಳ್ಳಿ. ನಾಲ್ಕು ಮನೆಗೆ ಒಂದು. ಒಂಟಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ವಯಸ್ಸಾದ ಒಬ್ಬ ಅಜ್ಜಿ. ಹಿರಿಯರಿಗೆ ಮಧ್ಯಾಹ್ನದ ಊಟದ ಕೂಟ ಮಾಡೋಣ ಎಂದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ವಯಸ್ಸು ಮತ್ತು ಮನೆಯ ಗಾತ್ರ ಎರಡನ್ನೂ ಸೇರಿಸಿ ಕೊಡುವ ಕೋಷ್ಟಕ ತೆಗೆದು ನೋಡಿದರೆ, ಆ 450ರಲ್ಲಿ 330 ಮಂದಿ 35ರ ಒಳಗಿನವರು ಎಂದು ತಿಳಿಯಿತು ಅನ್ನಿ. ಕೆಲಸಕ್ಕಾಗಿ ಬಂದು ಒಂದೇ ರೂಮಿನಲ್ಲಿ ಇರುವ ಹುಡುಗ ಹುಡುಗಿಯರು. ಮಧ್ಯಾಹ್ನ ಇವರು ಯಾರೂ ಮನೆಯಲ್ಲಿರುವುದಿಲ್ಲ. ಇವರಿಗೆ ಬೇಕಿರುವುದು ರಾತ್ರಿ ಎಂಟಕ್ಕೆ ತೆರೆದಿರುವ ಒಂದು ಬಾಗಿಲು, ಹುಷಾರು ತಪ್ಪಿದರೆ ವಿಚಾರಿಸುವ ಒಬ್ಬರು. ಉಳಿದ 120 ಮಂದಿಯನ್ನೂ ಮರೆಯುವಂತಿಲ್ಲ, ಅವರಿಗೆ ಬೇಕಾದದ್ದೇ ಬೇರೆ.

ಸರಾಸರಿಯನ್ನು ನಂಬಿ ಕೂರಬೇಡಿ. ಒಂದು ಕಡೆ ವಿದ್ಯಾರ್ಥಿಗಳ ಹಾಸ್ಟೆಲ್, ಇನ್ನೊಂದು ಕಡೆ ವೃದ್ಧಾಶ್ರಮ ಇರುವ ಬೀದಿಯ ಸರಾಸರಿ ವಯಸ್ಸು 45 ಬರಬಹುದು. ಆ ಬೀದಿಯಲ್ಲಿ 45 ವರ್ಷದವರು ಒಬ್ಬರೂ ಇಲ್ಲದಿರಬಹುದು. ಶೇಕಡಾ ಲೆಕ್ಕದ ಪಕ್ಕದಲ್ಲಿ ಯಾವಾಗಲೂ ತಲೆಗಳ ಲೆಕ್ಕ ಬರೆಯಿರಿ. ಹತ್ತು ಮನೆಯಲ್ಲಿ ಎರಡು ಎಂದರೂ ಶೇ 20, ಸಾವಿರದಲ್ಲಿ ಇನ್ನೂರು ಎಂದರೂ ಶೇ 20. ಅದೂ ಅಲ್ಲದೆ, ಯಾರ ಗುಟ್ಟೂ ಹೊರಬೀಳಬಾರದೆಂದು ಇಂಗ್ಲೆಂಡ್, ಅಮೆರಿಕದಂಥ ದೇಶಗಳಲ್ಲಿ ಸಣ್ಣ ವಿಭಾಗದ ಅಂಕಿಗಳನ್ನು ಬೇಕೆಂದೇ ಅಷ್ಟಿಷ್ಟು ಬದಲಿಸಿ ಪ್ರಕಟಿಸುತ್ತಾರೆ. ಕೋಷ್ಟಕದಲ್ಲಿ 3 ಎಂದಿದ್ದರೆ ಆ ಮೂವರನ್ನು ಹುಡುಕಿಕೊಂಡು ಹೋಗಬೇಡಿ.

ಇನ್ನೊಂದು ತಪ್ಪು ತುಂಬ ಸುಲಭವಾಗಿ ಆಗುತ್ತದೆ. ವಾರ್ಡ್ ಬಡವಾಗಿದೆ ಎಂದರೆ ಅಲ್ಲಿರುವ ಪ್ರತಿಯೊಬ್ಬರೂ ಬಡವರಲ್ಲ. ಅನುಕೂಲಸ್ಥರ ಬಡಾವಣೆಯಲ್ಲಿ ಬಾಡಿಗೆ ಕಟ್ಟಲಾಗದೆ ಒದ್ದಾಡುವವರು ಇದ್ದೇ ಇರುತ್ತಾರೆ, ಅವರು ಯಾವ ಸರಾಸರಿಯಲ್ಲೂ ಕಾಣುವುದಿಲ್ಲ.

ಬೀದಿಗಿಳಿಯುವುದು

1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದು ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು. ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾರಣ ಎಂದು ವೈದ್ಯ ಜಾನ್ ಸ್ನೋ ಹೇಳಿದರು. ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿ ತೋರಿಸಿದರು. ಅಲ್ಲಿನ ಸೇಂಟ್ ಲ್ಯೂಕ್ಸ್ ಚರ್ಚಿನ ಕಿರಿಯ ಪಾದ್ರಿ ಹೆನ್ರಿ ವೈಟ್‌ಹೆಡ್ ಅದನ್ನು ಮೊದಲು ಒಪ್ಪಲಿಲ್ಲ. ಸ್ನೋ ಹೇಳಿದ್ದು ತಪ್ಪೆಂದು ತೋರಿಸಲು ಮನೆಮನೆಗೆ ಹೋಗಿ, ಯಾರು ಆ ಪಂಪಿನ ನೀರು ಕುಡಿದಿದ್ದರು, ಯಾರು ಕುಡಿದಿರಲಿಲ್ಲ ಎಂದು ವಿಚಾರಿಸಿದರು. ಒಂದೇ ಮನೆಗೆ ಮತ್ತೆ ಮತ್ತೆ ಹೋದರು. ಕೊನೆಗೆ ಸ್ನೋ ಹೇಳಿದ್ದೇ ಸರಿ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಅವರಿಗೇ. ಪಂಪಿನ ಪಕ್ಕದ 40ನೇ ನಂಬರಿನ ಮನೆಯಲ್ಲಿ ಒಂದು ಕೂಸಿಗೆ ಎಲ್ಲರಿಗಿಂತ ಮೊದಲು ಭೇದಿ ಶುರುವಾಗಿತ್ತು. ಅದರ ಬಟ್ಟೆಯನ್ನು ತಾಯಿ ತೊಳೆದ ನೀರು ಪಂಪಿನ ಬಾವಿಗೆ ಹತ್ತಿಕೊಂಡಿದ್ದ ಮಲಗುಂಡಿಗೆ ಹೋಗಿತ್ತು. ನಕ್ಷೆ ಜಾಗ ತೋರಿಸಿತು. ಆ ತಾಯಿಯ ಮಾತು ಸಿಕ್ಕಿದ್ದು, ಜನ ಬಾಗಿಲು ತೆರೆದು ಕೂರಿಸುವಷ್ಟು ಪರಿಚಯವಿದ್ದ ಪಾದ್ರಿಗೆ.

ಹಾಗಾಗಿ ಕೋಷ್ಟಕ ಮುಗಿದ ಮೇಲೆ ನಡೆಯಲು ಹೊರಡಿ. ಅಂಕಿ ಎಲ್ಲಿ ಅಚ್ಚರಿ ಹುಟ್ಟಿಸಿತೋ ಆ ಬೀದಿಗಳಿಗೆ ಮೊದಲು ಹೋಗಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಶಾಲೆಯ ಮುಖ್ಯಶಿಕ್ಷಕರು, ಆರೋಗ್ಯ ಕೇಂದ್ರದ ನರ್ಸ್, ಅಂಗಡಿಯವರು, ಬೇರೆ ಧರ್ಮದ ಪ್ರಾರ್ಥನಾ ಮಂದಿರ ನಡೆಸುವವರು, ಇವರ ಹತ್ತಿರ ಕೂತು ಮಾತಾಡಿ. 'ನಮ್ಮ ಲೆಕ್ಕ ಹೀಗೆ ಹೇಳುತ್ತದೆ, ನಿಮಗೆ ಹೇಗೆ ಕಾಣುತ್ತದೆ' ಎಂದು ಕೇಳಿ. ಪರಿಹಾರ ಮೊದಲೇ ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ಆ ಕೆಲಸವನ್ನು ಬೇರೆಯವರು ಆಗಲೇ ಮಾಡುತ್ತಿದ್ದರೆ ಅವರ ಜೊತೆ ಸೇರಿಕೊಳ್ಳಿ. ಎರಡನೆಯದೊಂದು ಶುರು ಮಾಡುವ ಅಗತ್ಯವಿಲ್ಲ.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಯಾವ ಮನೆಯಲ್ಲಿ ಯಾವ ಧರ್ಮದವರು, ಯಾರು ಕಷ್ಟದಲ್ಲಿದ್ದಾರೆ ಎಂದು ಹೆಸರು ಹಾಕಿ ಪಟ್ಟಿ ಮಾಡಬೇಡಿ. ಮತದಾರರ ಪಟ್ಟಿ ತಂದು ಹೆಸರು ನೋಡಿ ಜಾತಿ, ಧರ್ಮ ಊಹಿಸುವ ಕೆಲಸಕ್ಕೆ ಕೈ ಹಾಕಲೇಬೇಡಿ. ಅಂಥ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಜನರಿಗೆ ಅಪಾಯ. ನೆರೆಯವರು ನಿಮ್ಮ ಮೇಲಿಟ್ಟ ನಂಬಿಕೆಯೂ ಹೋಗುತ್ತದೆ. ನಿಮ್ಮ ನಕ್ಷೆ ಮತ್ತು ಲೆಕ್ಕ ಪಕ್ಕದ ಮನೆಯವರು ಬಂದು ನೋಡಿದರೂ ಮುಜುಗರ ಆಗದಂತೆ ಇರಬೇಕು. ಸಾಧ್ಯವಾದರೆ ಅವರನ್ನು ಕರೆದೇ ತೋರಿಸಿ.

ಒಂದು ಹಾಳೆ

ಎಲ್ಲ ಮುಗಿದ ಮೇಲೆ ಸಭೆಯ ಮುಂದೆ ಇಡುವುದು ಒಂದೇ ಹಾಳೆ ಆಗಿರಲಿ. ಮೇಲೆ ನಕ್ಷೆ. ಅದರ ಕೆಳಗೆ ನಿಮ್ಮನ್ನು ಬೆರಗಾಗಿಸಿದ ಮೂರು ಅಂಕಿ, ಪ್ರತಿಯೊಂದರ ಪಕ್ಕ ಅದು ಯಾವ ವರ್ಷದ್ದು ಎಂದು. ನಡೆದಾಗ ಕೇಳಿದ ಎರಡು ಮೂರು ಮಾತು, ಹೆಸರಿಲ್ಲದೆ. ಕೊನೆಗೆ ಮುಂದಿನ ಆರು ತಿಂಗಳಲ್ಲಿ ಮಾಡಿ ನೋಡುವ ಒಂದು ಕೆಲಸ, ಅದಕ್ಕೆ ಹೊಣೆ ಯಾರು ಎಂಬುದು. ಆರು ತಿಂಗಳಾದ ಮೇಲೆ ಅದು ಯಾರಿಗೆ ತಲುಪಿತು ಎಂದು ನೋಡಿ, ಹಾಳೆಯ ಹಿಂಬದಿಯಲ್ಲಿ ಬರೆದಿಡಿ. ಹೊಸ ಗಣತಿಯ ಅಂಕಿ ಬಂದಾಗ ಅದೇ ಗಡಿ, ಅದೇ ವಯಸ್ಸಿನ ಗುಂಪು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿ. ಆಗ ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಬಹುದು.