ಬಾರದವರ ಪಟ್ಟಿಯಿಂದ ಶುರು ಮಾಡಿ

ಊರಲ್ಲಿ ಸಾಕ್ಷರತಾ ತರಗತಿ ಶುರುವಾದ ದಿನ ಮೊದಲು ಬರುವುದು ಹಾಜರಿ ಪುಸ್ತಕ. ಅದರಲ್ಲಿ ಬಂದವರ ಹೆಸರಷ್ಟೇ ಇರುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ 51.83. ಇಂಥ ಕಡೆ ತರಗತಿ ನಡೆಸುವವರಿಗೆ ಇನ್ನೊಂದು ಪುಸ್ತಕ ಬೇಕು: ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂಬುದರದ್ದು.

ಮತದಾರರ ಪಟ್ಟಿ ಹಿಡಿದು ಓಣಿ ಓಣಿ ತಿರುಗಿ. 'ಓದಾಕ ಬರ್ತದೇನ್ರಿ' ಎಂದು ಮುಖಕ್ಕೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಸಹಿ ಬಂದವರನ್ನೆಲ್ಲ ಸಾಕ್ಷರರೆಂದು ಬಿಟ್ಟುಬಿಡಲೂಬೇಡಿ. ಸಂಘದ ಸಾಲಕ್ಕಾಗಿ ಸಹಿಯೊಂದನ್ನೇ ಕಲಿತವರು ಬಹಳ. ಬಸ್ಸಿನ ಬೋರ್ಡು ಓದುತ್ತೀರೋ, ಯಾರನ್ನಾದರೂ ಕೇಳಿ ಹತ್ತುತ್ತೀರೋ ಎಂದು ಕೇಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಪ್ರಶ್ನೆಗೆ ಹೆಂಗಸರು ನಕ್ಕು ಉತ್ತರ ಕೊಡುತ್ತಾರೆ. ಕೇಂದ್ರ ಸರ್ಕಾರದ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ 15 ವರ್ಷ ತುಂಬಿದ, ಓದುಬರಹ ಬಾರದ ಯಾರೂ ಸೇರಬಹುದು, ಆದ್ದರಿಂದ ಶಾಲೆ ಬಿಟ್ಟ ಹುಡುಗಿಯರ ಹೆಸರನ್ನೂ ಬರೆದುಕೊಳ್ಳಿ.

ಎರಡನೆಯದು ಜಾಗ. ನಾನು ಇಲ್ಲೇ ಎಡವಿದ್ದು. ಫ್ಯಾನು, ದೀಪ ಎರಡೂ ಇವೆಯೆಂದು ಗುಡಿಯ ಕಟ್ಟೆಯ ಮೇಲೆ ತರಗತಿ ಇಟ್ಟೆ. ತಿಂಗಳಾದರೂ ದಲಿತರ ಕೇರಿಯಿಂದ ಒಬ್ಬರೂ ಬರಲಿಲ್ಲ. ಆಸಕ್ತಿ ಇಲ್ಲವೆಂದು ಬರೆದೂ ಬಿಟ್ಟಿದ್ದೆ. ಕೊನೆಗೆ ಒಬ್ಬ ಅಜ್ಜಿ, 'ಗುಡಿ ಕಟ್ಟಿ ಮ್ಯಾಲ ನಾವ್ ಯಾವಾಗ ಕುಂತೀವ್ರಿ ಅಕ್ಕೋರೆ?' ಎಂದಳು. ಮರುವಾರ ಅಂಗನವಾಡಿಗೆ ಬದಲಾಯಿಸಿದೆವು. ಎಲ್ಲರೂ ಹಿಂದೆಮುಂದೆ ನೋಡದೆ ಕಾಲಿಡುವ ಜಾಗ ಯಾವುದೆಂದು ಕೇರಿಯವರನ್ನೇ ಕೇಳಿ, ಗ್ರಾಮದ ಹಿರಿಯರನ್ನಲ್ಲ. ಮೆಟ್ಟಿಲಿದ್ದರೆ ಇಳಿಜಾರು ಹಾಕಿಸಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು; ನಮ್ಮ ಕಡೆ ಕಟ್ಟುವ ಮೂರಡಿಯ ಜಾರುಬಂಡಿಯಲ್ಲಿ ಗಾಲಿಕುರ್ಚಿ ಏರುವುದಿಲ್ಲ.

ಹೊತ್ತು ಗೊತ್ತು ಮಾಡುವಾಗ ಗಂಡಸರ ಮಾತು ಕೇಳಬೇಡಿ. ಸಂಜೆ ಆರಕ್ಕೆ ಎನ್ನುತ್ತಾರೆ. ಅದು ಹೊಲದಿಂದ ಬಂದು ರೊಟ್ಟಿ ಬಡಿಯುವ ಹೊತ್ತು. ಎಂಟು ಗಂಟೆಯಾದರೆ ಬಂದಾರು, ಮಗುವನ್ನು ನೋಡಿಕೊಳ್ಳಲು ಅಲ್ಲೇ ಒಬ್ಬರಿದ್ದರೆ. ಪಂಚಾಯಿತಿಯ ಕೂಸಿನ ಮನೆ ಹಗಲಿನದು, ರಾತ್ರಿಗೆ ಒದಗುವುದಿಲ್ಲ. ವರ್ಷದ ಲೆಕ್ಕವೂ ಬೇಕು. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ದಿನಗಳಲ್ಲಿ ತರಗತಿ ಖಾಲಿ. ಸುಗ್ಗಿ ಮುಗಿದರೆ ಅರ್ಧ ತಾಂಡಾ ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗಿರುತ್ತದೆ. ಮುಂಗಾರು ಬಿತ್ತನೆ ಮುಗಿಸಿ ದಸರೆಯೊಳಗೆ ಪಾಠದ ಹೆಚ್ಚಿನ ಭಾಗ ಮಾಡಿಕೊಳ್ಳಿ. ನವಭಾರತ ಕಾರ್ಯಕ್ರಮದಲ್ಲಿ ಓದು, ಬರಹ, ಲೆಕ್ಕಕ್ಕೆ ತಲಾ 50 ಅಂಕದ ಪರೀಕ್ಷೆ ಇದೆ. ಅದರ ದಿನಾಂಕವನ್ನು ಗುಳೆ ಹೋದವರಿಗೆ ಫೋನಿನಲ್ಲೇ ತಿಳಿಸಬೇಕಾಗುತ್ತದೆ.

ತಾಂಡಾಕ್ಕೆ ತಾಂಡಾದವರನ್ನೇ ಸ್ವಯಂಸೇವಕರಾಗಿ ಹುಡುಕಿ. ಮನೆಯಲ್ಲಿ ಲಂಬಾಣಿ ಆಡುವವರಿಗೆ ಮೊದಲ ಹದಿನೈದು ದಿನ ಕನ್ನಡದಲ್ಲೇ ಗದರಿದರೆ ಹದಿನಾರನೆಯ ದಿನ ಯಾರೂ ಇರುವುದಿಲ್ಲ.

ಇನ್ನು ಯಾವ ಸುತ್ತೋಲೆಯಲ್ಲೂ ನನ್ನ ಕಣ್ಣಿಗೆ ಬೀಳದ ವಿಷಯ, ಚಾಳೀಸು. 'ತಲಿಗೆ ಹತ್ತವಲ್ದುರೀ' ಎಂದು ಸ್ಲೇಟು ಕೆಳಗಿಡುವ ನಲವತ್ತೈದರ ಹೆಂಗಸಿನ ತಲೆ ಚೆನ್ನಾಗಿಯೇ ಇರುತ್ತದೆ, ಅಕ್ಷರ ಕಾಣುತ್ತಿರುವುದಿಲ್ಲ. ಸ್ಲೇಟನ್ನು ಕೈ ಚಾಚಿ ದೂರ ಹಿಡಿಯುವವರನ್ನು, ಅಕ್ಕಿ ಆರಿಸಲು ಮಗಳನ್ನು ಕರೆಯುವವರನ್ನು ಗುರುತಿಸಿಟ್ಟುಕೊಳ್ಳಿ. ಆಶಾ ಕಾರ್ಯಕರ್ತೆಗೆ ಹೇಳಿ ಕಣ್ಣಿನ ತಪಾಸಣೆ ಮಾಡಿಸಿ. ನಮ್ಮಲ್ಲಿ ಒಬ್ಬಾಕೆ ಚಾಳೀಸು ಹಾಕಿಕೊಂಡ ಸಂಜೆ 'ಅ' ಅಕ್ಷರವನ್ನು ಬೆರಳಿನಿಂದ ಸವರಿ, 'ಇದರ ಬಾಲ ಹಿಂಗ್ ಐತೇನು' ಎಂದಿದ್ದಳು.

ಸುದ್ದಿ ಮುಟ್ಟಿಸಲು ವಾಟ್ಸ್‌ಆ್ಯಪ್ ನೆಚ್ಚಬೇಡಿ. ಕಸದ ಗಾಡಿಯ ಮೈಕು ಎಲ್ಲ ಓಣಿಗೂ ಹೋಗುತ್ತದೆ. ಅಕ್ಷರ ಕೂಡಿಸಲು ಬಂದವರನ್ನು ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಮ್ಮೆ ಕರೆದೊಯ್ಯಿರಿ, ದಪ್ಪ ಅಕ್ಷರದ ಮಕ್ಕಳ ಪುಸ್ತಕಗಳು ಅಲ್ಲಿ ಸಿಗುತ್ತವೆ.

ದೀಪ, ಇಳಿಜಾರು, ಚಾಪೆಗಳ ಬೇಡಿಕೆಯನ್ನು ಬಾಯಲ್ಲಿ ಹೇಳಿ ಬರಬೇಡಿ. ಬಾರದವರ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಕಾರಣಗಳ ಸಮೇತ ಠರಾವಿಗೆ ಸೇರಿಸಿಕೊಳ್ಳಲು ಪಿಡಿಒಗೆ ಹೇಳಿ. ಆದರೆ ಯಾರ ಹೆಸರನ್ನೂ ಓದಬೇಡಿ, ಯಾವ ಓಣಿಯಲ್ಲಿ ಎಷ್ಟು ಜನ ಎಂಬ ಲೆಕ್ಕ ಸಾಕು. ಹೆಬ್ಬೆಟ್ಟಿನವರೆಂದು ತುಂಬಿದ ಸಭೆಯಲ್ಲಿ ಅನ್ನಿಸಿಕೊಂಡವರು ಮತ್ತೆ ನಿಮ್ಮ ಕಡೆ ತಲೆ ಹಾಕುವುದಿಲ್ಲ.