ಜುಲೈ ಮಳೆಯಲ್ಲಿ ನೊಂಗ್ರಿಯಾಟ್: ನಾರಿನ ಹಗ್ಗ ನಂಬಿ 3,500 ಮೆಟ್ಟಿಲು

ಮೇಘಾಲಯದ ಬೇರಿನ ಸೇತುವೆಗಳನ್ನು ನೋಡಲು ಅಕ್ಟೋಬರ್ ಕಳೆದ ಮೇಲೆ ಹೋಗಿ ಎಂಬುದು ಎಲ್ಲರ ಸಲಹೆ. ಜುಲೈನಲ್ಲೇ ಹೋಗಬೇಕು, ಹೋಗಿ ಬರಲೂ ಆಗುತ್ತದೆ ಎಂದು ನಾನು ಹೇಳಿದಾಗ ಚಾರಣದ ಗೆಳೆಯರಿಂದ ಹಿಡಿದು ಗುವಾಹಟಿಯ ಟ್ಯಾಕ್ಸಿಯವರ ತನಕ ಒಬ್ಬರೂ ಒಪ್ಪಲಿಲ್ಲ. ಈಗ ವಿಧಾನ ಕೈಗೆ ಕುದುರಿದೆ. ಅದೇ ದಾರಿಯಲ್ಲಿ ಎರಡು ತಂಡ ಹೋಗಿ ಬಂದಿವೆ, ಯಾರಿಗೂ ಕಾಲು ಉಳುಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಳೆಗಾಲವೇ ಯಾಕೆ? ಡಿಸೆಂಬರಿನಲ್ಲಿ, ಕಣಿವೆಯ ತಳದ ನೊಂಗ್ರಿಯಾಟ್ ಹಳ್ಳಿಯಲ್ಲಿ ಉಮ್‌ಶಿಯಾಂಗ್ ಹೊಳೆಯನ್ನು ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು. ಆಗ ಅದರ ಮೇಲಿನ ಎರಡಂತಸ್ತಿನ ಬೇರಿನ ಸೇತುವೆ ಬರೀ ಚೆಂದದ ವಸ್ತು. ಜುಲೈನಲ್ಲಿ ಅದೇ ಹೊಳೆ ಬಂಡೆಗಳನ್ನೆಲ್ಲ ಮುಳುಗಿಸಿ ಹರಿಯುವಾಗ ಸೇತುವೆ ಯಾಕೆ ಬೇಕಾಯಿತು, ಬಿದಿರಿನದು ಯಾಕೆ ಸಾಲಲಿಲ್ಲ ಎನ್ನುವುದು ಕಣ್ಣಿಗೆ ಕಾಣುತ್ತದೆ. ಈ ಮಳೆಗೆ ಬಿದಿರು, ಮರ ಕೆಲವೇ ವರ್ಷಗಳಲ್ಲಿ ಕೊಳೆಯುತ್ತವೆ. ಜೀವಂತ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಖಾಸಿ ಜನ ರಬ್ಬರ್ ಆಲದ ಎಳೆಬೇರನ್ನು ಟೊಳ್ಳು ಮಾಡಿದ ಅಡಿಕೆ ಮರದ ದಬ್ಬೆಯೊಳಗೆ ಹಾಯಿಸಿ ಆಚೆ ದಡದ ಮಣ್ಣಿಗೆ ಮುಟ್ಟಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ನೀರು ಹಾಯಿಸಲು ಬಳಸುವ ದಬ್ಬೆಯೇ ಅಲ್ಲಿ ಬೇರಿಗೆ ದಾರಿ. ಜನ ನಡೆದಾಡುವಷ್ಟು ಗಟ್ಟಿಯಾಗಲು 15ರಿಂದ 30 ವರ್ಷ ಬೇಕು. 2022ರಲ್ಲಿ ಇವು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದವು.

ಮೊದಲು ಮಳೆಯ ಲೆಕ್ಕ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಚಿರಾಪುಂಜಿ, ಅಂದರೆ ಅಲ್ಲಿನವರ ಸೊಹ್ರಾ, ಇಡೀ ದಿನ ಸುರಿಯುವ ಊರು ಎಂಬ ಕಲ್ಪನೆ ಪೂರ್ತಿ ನಿಜವಲ್ಲ. ಬಾಂಗ್ಲಾದೇಶದ ಬಯಲಿನಿಂದ ಬರುವ ತೇವದ ಗಾಳಿ ರಾತ್ರಿ ಜೋರಾಗಿ ಬೆಟ್ಟದ ಅಂಚಿಗೆ ಬಡಿಯುತ್ತದೆ. ಹಾಗಾಗಿ ದೊಡ್ಡ ಮಳೆ ನಡುರಾತ್ರಿಯಿಂದ ಬೆಳಗಿನ ತನಕ. ಇದನ್ನು ಪರೀಕ್ಷಿಸಲು ಸೊಹ್ರಾದಲ್ಲಿ ಉಳಿದ ಮನೆಯ ಅಂಗಳದಲ್ಲಿ, ಸೂರಿನ ಹನಿ ಬೀಳದ ಕಡೆ, ನೇರ ಗೋಡೆಯ ಸ್ಟೀಲ್ ಡಬ್ಬಿಯೊಂದನ್ನು ನಾಲ್ಕು ಕಲ್ಲುಗಳ ನಡುವೆ ಇಟ್ಟೆ. ಒಳಗೆ ಸ್ಕೇಲು ಇಳಿಸಿದರೆ ಎಷ್ಟು ಮಿಲಿಮೀಟರ್ ನೀರೋ ಅಷ್ಟೇ ಮಳೆ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಒಮ್ಮೆ 150 ಮಿ.ಮೀ. ದಾಟಿತ್ತು. ಅದೇ ದಿನ ಹಗಲಿನಲ್ಲಿ ಸಿಕ್ಕಿದ್ದು 30ರ ಆಸುಪಾಸು. ಎಲ್ಲ ದಿನವೂ ಹೀಗೆ ಚೊಕ್ಕವಾಗಿ ಹಂಚಿಕೊಳ್ಳಲಿಲ್ಲ, ಆದರೂ ಒಲವು ಸ್ಪಷ್ಟ. ಅಂಗಡಿಯಲ್ಲಿ ಕ್ವಾಯ್ (ಎಲೆ ಅಡಿಕೆ) ಮಾರುವ ಅಮ್ಮನಿಗೆ ಇದು ಮೊದಲೇ ಗೊತ್ತಿತ್ತು. ನನಗೆ ಸಂಖ್ಯೆ ಬೇಕಿತ್ತು.

ಇದರಿಂದ ಸಿಗುವ ವೇಳಾಪಟ್ಟಿ: ಮೆಟ್ಟಿಲು ಶುರುವಾಗುವ ಹಳ್ಳಿ ಟಿರ್ನಾದಿಂದ ಇಳಿಯಲು ಶುರು ಮಾಡುವುದು ಬೆಳಿಗ್ಗೆ ಒಂಬತ್ತೂವರೆ, ಹತ್ತಕ್ಕೆ. ಬೇಸಿಗೆಯವರಂತೆ ನಸುಕಿನಲ್ಲೇ ಹೊರಟರೆ ರಾತ್ರಿಯ ನೀರು ಇನ್ನೂ ಮೆಟ್ಟಿಲ ಮೇಲೆ ಹರಿಯುತ್ತಿರುತ್ತದೆ. ಒಣ ದಿನದಲ್ಲಿ ಒಂದೂವರೆ, ಎರಡು ಗಂಟೆಯ ಇಳಿತಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಕೆಳಗೆ ಎರಡು ರಾತ್ರಿ ಉಳಿಯಿರಿ. ಅದೇ ದಿನ ಹೋಗಿ ಬರುತ್ತೇವೆ ಎಂದು ಶಿಲ್ಲಾಂಗಿನಿಂದ ಎಂಟಕ್ಕೆ ಹೊರಟವರು ಟಿರ್ನಾ ಮುಟ್ಟುವಾಗ ಹನ್ನೊಂದು ಕಳೆದಿರುತ್ತದೆ. ಸೇತುವೆ ನೋಡಿ ಹತ್ತುವ ಹೊತ್ತಿಗೆ ಕಣಿವೆಯೊಳಗೆ ಮಬ್ಬು, ಮೇಲೆ ಸಂಜೆಯ ಮೋಡ. ಬೀಳುವವರು ಹೆಚ್ಚಾಗಿ ಇವರೇ, ಅದೂ ಹತ್ತುವಾಗ, ತೊಡೆ ನಡುಗಲು ಶುರುವಾದ ಮೇಲೆ.

ಇನ್ನು ಹೆಜ್ಜೆಯ ವಿಷಯ. ದಾರಿಯಲ್ಲಿ ಸುಮಾರು 3,500 ಮೆಟ್ಟಿಲು, ಕೆಲವು ಕಡೆ ಪಾದದ ಅರ್ಧದಷ್ಟೂ ಅಗಲವಿಲ್ಲ, ಎಲ್ಲದರ ಮೇಲೂ ಪಾಚಿ. ನಾವು ಹಾಕಿ ನೋಡಿದ್ದು, ಕೈಕೊಟ್ಟಿದ್ದು ಹೀಗೆ. ಗಂಬೂಟು: ಮಣ್ಣಿಗೆ ಸರಿ, ಪಾಚಿಗಲ್ಲಿಗೆ ಬೇಡವೇ ಬೇಡ, ಮೇಲಾಗಿ ಒಳಗೆ ನೀರು ತುಂಬಿ ಭಾರ. ಎಂಟು ಸಾವಿರದ ಟ್ರೆಕ್ಕಿಂಗ್ ಶೂ: ಒದ್ದೆ ಬಂಡೆಗೆ ಒಗ್ಗುತ್ತದೆ, ಪಾಚಿ ಲೋಳೆಯಾದಾಗ ಅದರ ರಬ್ಬರೂ ಜಾರುತ್ತದೆ. ಗುಬುಟಿರುವ ಅಗ್ಗದ ರಬ್ಬರ್ ಶೂ, ಮುನ್ನೂರು ರೂಪಾಯಿಯದು: ಕೆಸರಿನಲ್ಲಿ ಚಿನ್ನ, ಕಲ್ಲಿನ ಅಂಚಿನಲ್ಲಿ ಗುಬುಟು ಮಡಚಿಕೊಂಡು ಪಾದ ಹೊರಳುತ್ತದೆ. ಶೂ ಮೇಲೆ ಹಳೆಯ ಉಣ್ಣೆಯ ಕಾಲುಚೀಲ: ಚೆನ್ನಾಗಿ ಹಿಡಿಯಿತು, ಆದರೆ ಇಳಿತ ಅರ್ಧ ಮುಗಿಯುವ ಮೊದಲೇ ತೂತು.

ಉಳಿದದ್ದು ಶೂ ಸುತ್ತ ಕಟ್ಟುವ ಹಗ್ಗ. ಜಪಾನಿನಲ್ಲಿ ಹಳ್ಳದೊಳಗೇ ನಡೆದು ಬೆಟ್ಟ ಹತ್ತುವವರು ಹಿಂದೆ ಹುಲ್ಲಿನ ವರಾಜಿ ಚಪ್ಪಲಿ ಕಟ್ಟಿಕೊಳ್ಳುತ್ತಿದ್ದರು. ನಾರು ಲೋಳೆಯನ್ನು ಸೀಳಿ ಕಲ್ಲನ್ನು ಮುಟ್ಟುತ್ತದೆ, ನೀರು ಎಳೆಗಳ ನಡುವೆ ಜಾರಿ ಹೋಗುತ್ತದೆ. ಹುಲ್ಲಿನ ಬದಲು ತೆಂಗಿನ ನಾರು ಹಾಕಿದ್ದು ನಮ್ಮ ಸೇರ್ಪಡೆ. ಗೋಣಿ ದಾರ ಐನೂರು ಮೆಟ್ಟಿಲಿಗೆ ಹರಿಯಿತು. ನೈಲಾನ್ ಜಾರುವಿಕೆಯನ್ನು ಹೆಚ್ಚಿಸಿತು. ಹತ್ತಿ ಹಗ್ಗ ನೀರು ಕುಡಿದು ಚಪ್ಪಟೆಯಾಯಿತು. ತೆಂಗಿನ ನಾರಿನದು, ಕಿರುಬೆರಳಿನ ಅರ್ಧ ದಪ್ಪದ್ದು, ಸುಮಾರು 6 ಮಿ.ಮೀ., ಇಳಿತಕ್ಕೊಂದು ಜೊತೆ ಸಾಕು. ಇದಕ್ಕಿಂತ ದಪ್ಪವಾದರೆ ಪಾದದಡಿಯಲ್ಲಿ ಹಗ್ಗ ಉರುಳಿದಂತಾಗಿ ಕಣಕಾಲಿಗೆ ಪೆಟ್ಟು.

ಕಟ್ಟುವ ಕ್ರಮ: ಒಂದು ಶೂಗೆ ಎರಡೂವರೆ ಮೀಟರ್. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ನೆನೆಹಾಕಿ. ಒಣ ಹಗ್ಗವನ್ನು ಬಿಗಿದರೆ ಒದ್ದೆಯಾದಾಗ ಅದು ಇನ್ನಷ್ಟು ಬಿಗಿದು ಬೆರಳು ಮರಗಟ್ಟುತ್ತವೆ. ಬೆರಳುಗಳ ಬುಡದ ಅಗಲ ಭಾಗಕ್ಕೆ ಐದು ಸುತ್ತು, ಸುತ್ತಿನ ನಡುವೆ ಬೆರಳಗಲ ಬಿಡುವು. ಸುತ್ತುಗಳು ಒತ್ತೊತ್ತಾಗಿದ್ದರೆ ನೀರಿಗೆ ಹೋಗಲು ಜಾಗವಿಲ್ಲ. ಆಮೇಲೆ ಎರಡು ತುದಿಗಳನ್ನೂ ಪಾದದ ಮೇಲೆ ಕತ್ತರಿಯಾಗಿ ದಾಟಿಸಿ, ಹಿಮ್ಮಡಿಯ ಹಿಂದಿನಿಂದ ತಂದು, ಲೇಸಿನ ಮೇಲೆ ಗಂಟು. ಗಂಟು ಅಡಿಗೆ ಬರಕೂಡದು. ದಾರಿಯಲ್ಲಿ ಎರಡು ಉಕ್ಕಿನ ತೂಗುಸೇತುವೆಗಳಿವೆ, ಅವುಗಳ ತಂತಿಯ ಸಂದಿಗೆ ಗಂಟು ಸಿಕ್ಕಿಕೊಂಡರೆ ಮುಗ್ಗರಿಸುವುದು ಖಂಡಿತ. ಮುಂದಿನ ಸುತ್ತು ಇಳಿತದಲ್ಲಿ ಬೆರಳಿನ ಕಡೆ ಜರುಗದಂತೆ ತಡೆಯಲು ಇನ್ನೊಂದು ಸಣ್ಣ ಕೊಕ್ಕೆಗಂಟು ಇದೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ಮಳೆಗಾಲ ಹಿಡಿಯಿತು, ಇಲ್ಲಿ ಹೇಳುತ್ತಿಲ್ಲ. ಅದಿಲ್ಲದೆಯೂ ನಡೆಯುತ್ತದೆ, ನಡುವೆ ಎರಡು ಸಲ ಬಗ್ಗಿ ಸರಿಮಾಡಿಕೊಂಡರಾಯಿತು.

ಹಗ್ಗಕ್ಕೆ ಒಂದೇ ಶತ್ರು, ಜೇಡಿಮಣ್ಣು. ಎಳೆಗಳ ನಡುವೆ ತುಂಬಿಕೊಂಡು ಹಿಡಿತ ಪೂರ್ತಿ ಹೋಗುತ್ತದೆ. ಮಣ್ಣಿನ ತುಂಡು ದಾಟಿದ ಮೇಲೆ ಹರಿಯುವ ನೀರಿನಲ್ಲಿ ನಿಂತು ನಾಲ್ಕು ಸಲ ಕಾಲು ಕುಟ್ಟಿ. ಕೈಗೆ ಟಿರ್ನಾದಲ್ಲಿ ಸಿಗುವ ಬಿದಿರು ಕೋಲು ಸಾಕು, ದುಬಾರಿ ಕೋಲಿನ ಚೂಪುತುದಿ ಕಲ್ಲಿನ ಮೇಲೆ ಜಾರುತ್ತದೆ.

ಒಂದು ಎಚ್ಚರ, ಇದನ್ನು ಕಡ್ಡಾಯವೆಂದೇ ತಿಳಿಯಿರಿ: ಬೇರಿನ ಸೇತುವೆ ಮೇಲೆ ಹಾಸುಗಲ್ಲುಗಳ ಮೇಲಷ್ಟೇ ಹೆಜ್ಜೆ. ಬದಿಯಲ್ಲಿ ಹೆಣೆದ ಎಳೆಬೇರುಗಳು ಮುಂದಿನ ತಲೆಮಾರಿನ ಸೇತುವೆ. ಒರಟು ಹಗ್ಗ ಅವುಗಳ ತೊಗಟೆ ಕೆರೆದರೆ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಫೋಟೋಗಾಗಿ ಬದಿಯ ಬೇರಿನ ಮೇಲೆ ಕೂರುವವರನ್ನು ಕಂಡರೆ ದಯವಿಟ್ಟು ಎಬ್ಬಿಸಿ.

ಮೈಗೆ ಏನು? ರೈನ್‌ಕೋಟು ಒಳಗಿನಿಂದಲೇ ಬೆವರಿಗೆ ತೊಯ್ಯುತ್ತದೆ. ಪೊಂಚೋ ಇಳಿತದಲ್ಲಿ ಮುಂದಿನ ಮೆಟ್ಟಿಲನ್ನೇ ಮುಚ್ಚುತ್ತದೆ, ಇದು ಅಪಾಯ. ಖಾಸಿಯವರು ಹೊಲದಲ್ಲಿ ಹೊದೆಯುವ ಬಿದಿರಿನ ಕ್ನುಪ್, ನಮ್ಮ ಗೊರಬಿನ ನೆಂಟ, ಬಗ್ಗಿ ಕೆಲಸ ಮಾಡಲು ಅದ್ಭುತ. ಹೊದ್ದು ಇಳಿದು ನೋಡಿದೆವು. ಕಿರಿದಾದ ತಿರುವಿನಲ್ಲಿ ಗೋಡೆಗೆ ತಾಗುತ್ತದೆ, ತೂಗುಸೇತುವೆ ಮೇಲೆ ಗಾಳಿಗೆ ಎಳೆಯುತ್ತದೆ. ಕಡೆಗೆ ಉಳಿದದ್ದು ಬೇಗ ಒಣಗುವ ತೆಳು ಅಂಗಿ, ಚಡ್ಡಿ, ಗಿಡ್ಡ ಮಡಚುಕೊಡೆ, ತೊಯ್ಯುವುದನ್ನು ಒಪ್ಪಿಕೊಳ್ಳುವುದು. ಬಟ್ಟೆ ಅಲ್ಲಿ ಜುಲೈನಲ್ಲಿ ಒಣಗುವುದಿಲ್ಲ. ಒಂದು ಜೊತೆ ನಡಿಗೆಗೆ, ಒಂದು ಜೊತೆ ರಾತ್ರಿಗೆ. ರಾತ್ರಿಯದನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಡಿ, ಯಾವ ಕಾರಣಕ್ಕೂ ಹಗಲಲ್ಲಿ ಮುಟ್ಟಬೇಡಿ.

ಇಂಬಳದ (ಜಿಗಣೆಯ) ಬಗ್ಗೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿದ ಕಾಲುಚೀಲ ಆ ಮಳೆಗೆ ಅರ್ಧ ಗಂಟೆಯಲ್ಲಿ ತೊಳೆದುಹೋಗುತ್ತದೆ. ಬೇವಿನೆಣ್ಣೆಗೆ ಹೊಗೆಸೊಪ್ಪಿನ ಪುಡಿ ಕಲಸಿ ಬಳಿದರೆ ಎರಡು ಗಂಟೆ. ಮೆಟ್ಟಿಲಿನ ಮೇಲೆ ಅವು ಕಡಿಮೆ, ಹುಲ್ಲಿನ ಬದಿಯಲ್ಲಿ ಕೂತು ಸುಧಾರಿಸಿಕೊಂಡರೆ ಹತ್ತುತ್ತವೆ.

ಕ್ಯಾಮೆರಾ ಹಾಳಾಗುವುದು ಮಳೆಯಿಂದಲ್ಲ, ಆವಿಯಿಂದ. ಸೊಹ್ರಾ ತಂಪು, ನೊಂಗ್ರಿಯಾಟ್ ಕಣಿವೆ ಬೆಚ್ಚಗೆ. ತಣ್ಣಗಿನ ಲೆನ್ಸನ್ನು ಕೆಳಗಿಳಿದ ಕೂಡಲೇ ತೆಗೆದರೆ ಮಂಜು ಒಳಗಿನ ಗಾಜಿಗೂ ಕೂರುತ್ತದೆ. ಜಿಪ್ ಚೀಲದಿಂದ ಅರ್ಧ ಗಂಟೆ ತೆಗೆಯಬೇಡಿ. ಅಕ್ಕಿಯಲ್ಲಿ ಹೂತಿಡುವ ಉಪಾಯ ವ್ಯರ್ಥ, ಹಿಟ್ಟು ಬಟನ್ನುಗಳ ಸಂದಿಗೆ ಹೋಗುತ್ತದೆ. ಬದಲಿಗೆ ತೇವ ಹೀರಿ ಬಣ್ಣ ಬದಲಿಸುವ ನೀಲಿ ಸಿಲಿಕಾ ಜೆಲ್ ಎರಡು ಹಿಡಿ, ಗುಲಾಬಿಯಾದಾಗ ಹೋಮ್‌ಸ್ಟೇ ಒಲೆಯ ಮೇಲೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ.

ಹಣದ ಲೆಕ್ಕ ನಾವು ಹೋದಾಗಿನದು, ನೆನಪಿನಿಂದ ಬರೆಯುತ್ತಿದ್ದೇನೆ. ಬೆಂಗಳೂರು–ಗುವಾಹಟಿ ವಿಮಾನ ಹೋಗಿಬರಲು ಜುಲೈನಲ್ಲಿ ಹನ್ನೊಂದು ಸಾವಿರದ ಸುಮಾರು, ಕ್ರಿಸ್‌ಮಸ್ ಹೊತ್ತಿಗೆ ಹದಿನೆಂಟು ದಾಟಿತ್ತು. ಗುವಾಹಟಿಯಿಂದ ಶಿಲ್ಲಾಂಗಿಗೆ ಸುಮಾರು 100 ಕಿ.ಮೀ., ಶೇರ್ ಸುಮೋ ಮುನ್ನೂರರಿಂದ ನಾನೂರು. ಶಿಲ್ಲಾಂಗಿನ ಬಡಾ ಬಜಾರ್ ಪಕ್ಕದಿಂದ ಸೊಹ್ರಾಕ್ಕೆ ಐವತ್ತು ಚಿಲ್ಲರೆ ಕಿ.ಮೀ., ನೂರರ ಆಸುಪಾಸು. ಸೊಹ್ರಾದಿಂದ ಟಿರ್ನಾಕ್ಕೆ ಶೇರ್ ಗಾಡಿ ನಂಬುವಂತಿಲ್ಲ, ಐನೂರು ಕೊಟ್ಟು ಟ್ಯಾಕ್ಸಿ. ಕೆಳಗೆ ಹಾಸಿಗೆಗೆ ನಾನೂರು, ಊಟಕ್ಕೆ ನೂರೈವತ್ತು. ಅನ್ನ, ಬೇಳೆ, ಆಲೂಗಡ್ಡೆ, ಮೊಟ್ಟೆ. ಸಸ್ಯಾಹಾರಿಗಳು ಮೇಲೆ ಸೊಹ್ರಾದಲ್ಲಿ ಜಾದೋಹ್ ಬೇಡವೆಂದು ಮೊದಲೇ ಹೇಳಲಿ, ಅದು ಹಂದಿಮಾಂಸದ ಅನ್ನ. ಹಗ್ಗಕ್ಕೆ ಅರವತ್ತು ರೂಪಾಯಿ. ಆರು ದಿನಕ್ಕೆ ತಲೆಗೆ ಹದಿನೆಂಟು ಸಾವಿರದೊಳಗೆ ಮುಗಿಯಿತು, ಪ್ಯಾಕೇಜಿನವರು ಡಿಸೆಂಬರಿಗೆ ಕೇಳಿದ್ದು ಮೂವತ್ತೆರಡು. ನಗದನ್ನು ಶಿಲ್ಲಾಂಗಿನಲ್ಲೇ ತೆಗೆದುಕೊಳ್ಳಿ. ಭಾನುವಾರ ಪ್ರಯಾಣ ಇಟ್ಟುಕೊಳ್ಳಬೇಡಿ, ಚರ್ಚಿನ ದಿನ, ಶೇರ್ ಗಾಡಿಗಳು ಓಡುವುದೇ ಅಪರೂಪ. ಸೊಹ್ರಾ ಸಂತೆ ಖಾಸಿ ವಾರದ ಲೆಕ್ಕದಲ್ಲಿ ಎಂಟು ದಿನಕ್ಕೊಮ್ಮೆ ಬರುತ್ತದೆ. ಆ ದಿನ ಸಿಕ್ಕರೆ ಹಳ್ಳಿಗಳಿಗೆ ಹೋಗುವ ಗಾಡಿ ಧಾರಾಳ, ಟ್ಯಾಕ್ಸಿಯ ಐನೂರೂ ಉಳಿಯುತ್ತದೆ.

ಹೋಗಬಾರದ ದಿನವೂ ಇದೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಸೊಹ್ರಾದಲ್ಲೇ ಕೂರಿ. 1995ರ ಜೂನ್ 16ರಂದು ಅಲ್ಲಿ 24 ಗಂಟೆಯಲ್ಲಿ 1,563 ಮಿ.ಮೀ. ಸುರಿದಿದೆ, 2022ರ ಜೂನ್ 17ರಂದು 972. ನಮ್ಮ ಆಗುಂಬೆಯ ಇಡೀ ವರ್ಷದ ಮಳೆ ಸುಮಾರು 7,600 ಎಂಬುದನ್ನು ನೆನಪಿಟ್ಟರೆ ಆ ಒಂದು ದಿನದ ಅಳತೆ ತಿಳಿಯುತ್ತದೆ. ಅಂಥ ದಿನ ಹಗ್ಗ, ಕೋಲು ಯಾವುದೂ ಲೆಕ್ಕಕ್ಕಿಲ್ಲ, ಗುಡ್ಡವೇ ಜಾರುತ್ತದೆ. ಹಾಗಾಗಿ ಯೋಜನೆಯಲ್ಲಿ ಎರಡು ದಿನ ಖಾಲಿ ಇರಲಿ. ಆ ಖಾಲಿ ದಿನಗಳಲ್ಲಿ ನೊಹ್ಕಾಲಿಕಾಯ್ ಜಲಪಾತದ ಎದುರು ಕೂರಿ. 340 ಮೀಟರಿನ ಆ ನೀರು ಮಂಜಿನಲ್ಲಿ ಪೂರ್ತಿ ಮರೆಯಾಗಿರುತ್ತದೆ, ಜೋರು ಮಳೆಯೊಂದು ಸರಿದ ಬೆನ್ನಿಗೆ ಐದು, ಹತ್ತು ನಿಮಿಷ ತೆರೆದುಕೊಳ್ಳುತ್ತದೆ. ಪ್ರವಾಸಿ ಗಾಡಿಗಳು ಇಪ್ಪತ್ತು ನಿಮಿಷಕ್ಕೆ ಹೊರಟುಬಿಡುವುದರಿಂದ ನೋಡದೆ ಹೋಗುತ್ತವೆ. ಒಂದೂವರೆ ಗಂಟೆ ಇಟ್ಟುಕೊಳ್ಳಿ.

ನೊಂಗ್ರಿಯಾಟಿನಿಂದ ಮುಂದಿನ ರೇನ್‌ಬೋ ಜಲಪಾತದ ದಾರಿಯನ್ನು ಜುಲೈಗೆ ಶಿಫಾರಸು ಮಾಡುವುದಿಲ್ಲ, ಸೇತುವೆಯ ಕೆಳಗಿನ ಮಡುವಿನಲ್ಲಿ ಈಜುವುದನ್ನಂತೂ ಇಲ್ಲವೇ ಇಲ್ಲ. ಸಮಯ ಉಳಿದರೆ ನೊಂಗ್‌ಥಿಮ್ಮಾಯ್ ಹತ್ತಿರದ ರಿಟಿಮ್ಮೆನ್ ಉದ್ದ ಸೇತುವೆಗೆ ಹೋಗಿ, ಮುಖ್ಯ ದಾರಿಯಿಂದ ಸ್ವಲ್ಪವೇ ಒಳಗಿದೆ, ಎರಡಂತಸ್ತಿನದಕ್ಕೆ ಓಡುವವರು ಬಿಟ್ಟುಹೋಗುತ್ತಾರೆ. ಅದೇ ಕಣಿವೆಯಲ್ಲಿ ಇನ್ನೂ ಒಂದಿದೆ, ಈಗಷ್ಟೇ ಬೇರು ಆಚೆ ದಡ ಮುಟ್ಟಿರುವಂಥದ್ದು. ಜನ ತುಳಿಯುವಷ್ಟು ಅದು ಬೆಳೆದಿಲ್ಲ, ಜಾಗ ಹೇಳುವುದಿಲ್ಲ. ಉಳಿದ ಯಾವುದರಲ್ಲಿ ಹಣ ಉಳಿಸಿದರೂ ಊರಿನ ಗೈಡಿನಲ್ಲಿ ಉಳಿಸಬೇಡಿ. ನಾವು ಹೋದಾಗ ದಿನಕ್ಕೆ ಎಂಟುನೂರು, ಸಾವಿರ ಕೇಳುತ್ತಿದ್ದರು, ಯಾವ ಮೆಟ್ಟಿಲು ರಾತ್ರಿ ಕದಲಿದೆ ಎಂಬುದು ಅವರಿಗಷ್ಟೇ ಗೊತ್ತು. ಸವೆದ ಹಗ್ಗವನ್ನು ಅಲ್ಲಿ ಬಿಸಾಡದೆ ಮೇಲಕ್ಕೆ ತನ್ನಿ. ಹತ್ತಲು ಹೊಸ ಜೊತೆ ಕಟ್ಟಿಕೊಳ್ಳಿ, ಇಳಿತದಲ್ಲಿ ಸವೆದದ್ದನ್ನೇ ನಂಬಿ ಹತ್ತಬೇಡಿ.